ದೂರದ ಗುರಿಗೆ ಫೋನಿನ ಲೆಕ್ಕ: ಬ್ಯಾಲಿಸ್ಟಿಕ್ ಆ್ಯಪ್ ಹೊಂದಿಸುವ ಕ್ರಮ, ಲೆಕ್ಕ ತಪ್ಪುವ ಜಾಗಗಳು

1000 ಯಾರ್ಡ್ ಎಂದರೆ 914 ಮೀಟರ್. .308 ರೈಫಲ್‌ನಿಂದ ಹೊರಟ 175 ಗ್ರೇನ್ (ಸುಮಾರು 11 ಗ್ರಾಂ) ಗುಂಡು ಅಷ್ಟು ದೂರ ಮುಟ್ಟಲು ಸುಮಾರು 1.8 ಸೆಕೆಂಡ್ ಬೇಕು. ಅಷ್ಟರೊಳಗೆ ಅದು ಬ್ಯಾರೆಲ್‌ನ ನೇರದಿಂದ 12 ಮೀಟರ್ ಇಳಿದಿರುತ್ತದೆ, ನಾಲ್ಕು ಅಂತಸ್ತಿನ ಮನೆಯಷ್ಟು. ಮಲಗಿ, ರೈಫಲ್‌ಗೆ ಆಸರೆ ಕೊಟ್ಟು ದೂರಕ್ಕೆ ಹೊಡೆಯುವ ಎಫ್-ಕ್ಲಾಸ್ ಪಂದ್ಯದಲ್ಲಿ ಈ ದೂರಕ್ಕೆ ನಿಲ್ಲಿಸುವ ಗುರಿಹಲಗೆಯ ಪೂರ್ಣಾಂಕದ ವೃತ್ತ 10 ಇಂಚು ಅಗಲ, ಅದರೊಳಗಿನ ಎಕ್ಸ್ ವೃತ್ತ 5 ಇಂಚು. ಆ 12 ಮೀಟರ್ ಇಳಿತವನ್ನು ಅಂಗೈಯಗಲದ ಒಳಗೆ ಲೆಕ್ಕ ಹಾಕಿಕೊಡುವುದೇ ಆ್ಯಪ್‌ನ ಕೆಲಸ.

ಲೆಕ್ಕದಲ್ಲಿ ಆ್ಯಪ್ ತಪ್ಪುವುದಿಲ್ಲ, ನಾವು ತುಂಬಿದ ಅಂಕಿ ತಪ್ಪಿರುತ್ತದೆ. ಬಿತ್ತಿದ್ದೇ ಬೆಳೆ. ಆದ್ದರಿಂದ ಇಲ್ಲಿ ಯಾವ ಗುಂಡಿ ಒತ್ತಬೇಕು ಎನ್ನುವುದಕ್ಕಿಂತ ಯಾವ ಅಂಕಿಯನ್ನು ಎಲ್ಲಿಂದ, ಹೇಗೆ ಅಳೆದು ತರಬೇಕು ಎಂಬುದಕ್ಕೆ ಹೆಚ್ಚು ಜಾಗ ಕೊಟ್ಟಿದೆ.

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವವರಿಗೆ ಈ ಯಾವ ರಗಳೆಯೂ ಬೇಡ, ಅಷ್ಟು ಹತ್ತಿರಕ್ಕೆ ಹವೆ ಲೆಕ್ಕಕ್ಕೇ ಬರುವುದಿಲ್ಲ. 300 ಮೀಟರ್ ದಾಟಿದ ಮೇಲೆ ಬೇಕಾಗುತ್ತದೆ, 600 ದಾಟಿದ ಮೇಲೆ ಇಲ್ಲದೆ ಆಗುವುದಿಲ್ಲ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಕ್ಲಬ್ ಸೇರಿ ದೂರದ ಗುರಿ ಅಭ್ಯಾಸ ಮಾಡುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಊರಿನಲ್ಲಿ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವುದು), 300 ಮೀಟರ್ ಬಿಗ್ ಬೋರ್ ಹೊಡೆಯುವವರಿಗೆ ಗಾಳಿ, ಒತ್ತಡದ ಭಾಗಗಳು ಸಾಕು. ಪರವಾನಗಿ, ರೇಂಜ್ ಅಧಿಕಾರಿಯ ಅಪ್ಪಣೆ, ಗುರಿಯ ಹಿಂದಿನ ಮಣ್ಣಿನ ದಿಬ್ಬ ಇವೆಲ್ಲ ಮೊದಲೇ ಸರಿಯಿವೆ ಎಂದುಕೊಂಡೇ ಮುಂದಿನ ಮಾತು.

ಯಾವ ಆ್ಯಪ್?

ಇದಕ್ಕೆ ಬಹಳ ತಲೆ ಕೆಡಿಸಿಕೊಳ್ಳಬೇಡಿ. ಅಪ್ಲೈಡ್ ಬ್ಯಾಲಿಸ್ಟಿಕ್ಸ್, ಹಾರ್ನಡಿಯ 4ಡಿಓಎಫ್, ವೆಬ್‌ನಲ್ಲಿ ಉಚಿತವಾಗಿರುವ ಜೆಬಿಎಂ, ಯಾವುದನ್ನೇ ತೆಗೆದುಕೊಂಡರೂ ಒಂದೇ ಅಂಕಿ ಕೊಟ್ಟರೆ ಉತ್ತರ ಹತ್ತಿರ ಹತ್ತಿರವೇ ಬರುತ್ತದೆ. ನೋಡಬೇಕಾದ್ದು ನಾಲ್ಕೇ ಸಂಗತಿ: ಜಿ7 ಬಿ.ಸಿ. (ಗುಂಡು ಹವೆಯನ್ನು ಸೀಳುವ ಅಳತೆ, ವಿವರ ಮುಂದಿದೆ) ತೆಗೆದುಕೊಳ್ಳಬೇಕು, ಆ ಜಾಗದ ನಿಜ ಒತ್ತಡವನ್ನು ಕೈಯಾರೆ ತುಂಬಲು ಬಿಡಬೇಕು, ಕಾಡತೂಸಿನೊಳಗಿನ ಮದ್ದಿನ ಉಷ್ಣಾಂಶಕ್ಕೆ ತಕ್ಕಂತೆ ವೇಗ ಬದಲಿಸುವ ಪಟ್ಟಿ ಇರಬೇಕು, ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯಬೇಕು. ಕೊನೆಯದನ್ನು ಮನೆಯಲ್ಲೇ ಏರ್‌ಪ್ಲೇನ್ ಮೋಡ್ ಹಾಕಿ ಪರೀಕ್ಷಿಸಿ. ರೇಂಜ್‌ಗಳು ಊರಾಚೆ ಇರುತ್ತವೆ. ಲಾಗಿನ್ ಕೇಳುತ್ತ ನಿಂತ ಆ್ಯಪ್ ಅಲ್ಲಿ ಯಾವ ಪ್ರಯೋಜನಕ್ಕೂ ಬರುವುದಿಲ್ಲ.

ಹಾಕಿಕೊಂಡ ಕೂಡಲೇ ಒಂದು ಪರೀಕ್ಷಾ ಪ್ರೊಫೈಲ್ ಮಾಡಿ. ಗುಂಡು 175 ಗ್ರೇನ್, ಜಿ7 ಬಿ.ಸಿ. 0.243, ವೇಗ ಸೆಕೆಂಡಿಗೆ 2600 ಅಡಿ, ಸ್ಕೋಪ್ ಎತ್ತರ 45 ಮಿ.ಮೀ., ಝೀರೋ (ಸ್ಕೋಪ್ ಏರಿಸದೆಯೇ ಗುಂಡು ಗುರಿಬಿಂದುವಿಗೆ ಬೀಳುವ ದೂರ) 100 ಯಾರ್ಡ್, ಒತ್ತಡ 1013 ಹೆಕ್ಟೊಪಾಸ್ಕಲ್, ಉಷ್ಣಾಂಶ 15 ಡಿಗ್ರಿ, ಗಾಳಿ ಸೊನ್ನೆ. ಉತ್ತರ, ಅಂದರೆ ಸ್ಕೋಪನ್ನು ಎಷ್ಟು ಏರಿಸಬೇಕೆಂಬ ಅಂಕಿ, 600 ಯಾರ್ಡ್‌ಗೆ 4.8 ಮಿಲ್ (ಒಂದು ಮಿಲ್ ಎಂದರೆ ದೂರದ ಸಾವಿರದ ಒಂದು ಭಾಗ), 800ಕ್ಕೆ 7.9, 1000ಕ್ಕೆ 11.9ರ ಆಸುಪಾಸು ಬರಬೇಕು. ಒಂದೆರಡು ಕ್ಲಿಕ್ (ಸ್ಕೋಪಿನ ತಿರುಗಣೆಯ ಒಂದೊಂದು ಹೆಜ್ಜೆ) ಆಚೀಚೆ ಆದರೆ ಪರವಾಗಿಲ್ಲ. ಅರ್ಧ ಮಿಲ್ ವ್ಯತ್ಯಾಸ ಕಂಡರೆ ಎಲ್ಲೋ ಒಂದು ಯೂನಿಟ್ ತಪ್ಪಾಗಿ ಕೂತಿದೆ. ಈ ಪ್ರೊಫೈಲನ್ನು ಅಳಿಸದೆ ಇಟ್ಟುಕೊಳ್ಳಿ. ಅಪ್‌ಡೇಟ್ ಆದ ಮೇಲೆ ಸೆಟ್ಟಿಂಗ್ ಬದಲಾಗಿದೆಯೇ ಎಂದು ನೋಡಲು ಇದೇ ತಕ್ಕಡಿ.

ಮೊದಲು ಯೂನಿಟ್

ಪ್ರೊಫೈಲ್‌ಗೆ ಕೈ ಹಾಕುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲ ಯೂನಿಟ್‌ಗಳನ್ನೂ ಗಟ್ಟಿ ಮಾಡಿ. ಸ್ಕೋಪಿನ ಟರೆಟ್ (ಎತ್ತರ ಹೊಂದಿಸುವ ತಿರುಗಣೆ) ಮೇಲೆ ಏನು ಕೆತ್ತಿದೆಯೋ ಆ್ಯಪ್‌ನಲ್ಲೂ ಅದೇ ಇರಲಿ. 0.1 ಮಿಲ್ ಕ್ಲಿಕ್ ಇದ್ದರೆ ಮಿಲ್, 1/4 ಇದ್ದರೆ ಎಂಓಎ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ). ಒಂದು ಮಿಲ್ 3.44 ಎಂಓಎಗೆ ಸಮ. ಇವೆರಡನ್ನು ಮನಸ್ಸಿನಲ್ಲೇ ಪರಿವರ್ತಿಸುವ ಸಾಹಸ ಫೈರಿಂಗ್ ಲೈನ್‌ನಲ್ಲಿ ಬೇಡ.

ಎಂಓಎ ಬಳಸುವವರಿಗೆ ಇನ್ನೊಂದು ಹಳ್ಳ ಕಾದಿದೆ. ನಿಜವಾದ ಎಂಓಎ 100 ಯಾರ್ಡ್‌ನಲ್ಲಿ 1.047 ಇಂಚು. ಕೆಲವು ಸ್ಕೋಪ್‌ಗಳ ಕ್ಲಿಕ್ ಸರಿಯಾಗಿ ಒಂದಿಂಚಿನ ಲೆಕ್ಕದಲ್ಲಿರುತ್ತದೆ, ಆ್ಯಪ್‌ನಲ್ಲಿ ಅದಕ್ಕೆ ಬೇರೆಯೇ ಆಯ್ಕೆ ಇದೆ. ವ್ಯತ್ಯಾಸ 4.7 ಶೇಕಡಾ ಅಷ್ಟೇ, 300 ಯಾರ್ಡ್‌ನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. 1000 ಯಾರ್ಡ್‌ಗೆ 41 ಎಂಓಎ ತಿರುಗಿಸಿದಾಗ ಅದೇ 1.9 ಎಂಓಎ ಆಗುತ್ತದೆ, ಹಲಗೆಯ ಮೇಲೆ ಅರ್ಧ ಮೀಟರ್.

ಗಾಳಿಯ ಯೂನಿಟ್ ಕೂಡ ಇಲ್ಲೇ ನೋಡಿಕೊಳ್ಳಿ. ಮೀಟರಿನಲ್ಲಿ ಸೆಕೆಂಡಿಗೆ 4 ಮೀಟರ್ ಓದಿ, ಮೈಲಿ ಕೇಳುವ ಆ್ಯಪ್‌ನಲ್ಲಿ 4 ಎಂದೇ ತುಂಬಿದರೆ ಅರ್ಧಕ್ಕಿಂತ ಕಡಿಮೆ ತಿದ್ದುಪಡಿ ಬರುತ್ತದೆ. 4 ಮೀಟರ್ ಎಂದರೆ ಗಂಟೆಗೆ 9 ಮೈಲಿ.

ರೈಫಲ್ ಪ್ರೊಫೈಲ್

ಸ್ಕೋಪ್ ಎತ್ತರ ಎಂದರೆ ಬ್ಯಾರೆಲ್‌ನ ನಡುವಿನಿಂದ ಸ್ಕೋಪ್ ಕೊಳವೆಯ ನಡುವಿನವರೆಗೆ. ಬೋಲ್ಟ್ ವ್ಯಾಸದ ಅರ್ಧ, ಬೋಲ್ಟ್ ನೆತ್ತಿಯಿಂದ ಕೊಳವೆಯ ತಳಕ್ಕಿರುವ ಅಂತರ, ಕೊಳವೆ ವ್ಯಾಸದ ಅರ್ಧ (30 ಮಿ.ಮೀ. ಕೊಳವೆಗೆ 15, 34ಕ್ಕೆ 17) ಮೂರನ್ನೂ ಕೂಡಿಸಿ. ವರ್ನಿಯರ್ ಇದ್ದರೆ ಎರಡು ನಿಮಿಷದ ಕೆಲಸ. 5 ಮಿ.ಮೀ. ತಪ್ಪಿದರೆ 100ಕ್ಕೆ ಝೀರೋ ಮಾಡಿದ ರೈಫಲ್ 1000 ಯಾರ್ಡ್‌ನಲ್ಲಿ 45 ಮಿ.ಮೀ. ತಪ್ಪುತ್ತದೆ. ಹೆಚ್ಚೇನಲ್ಲ, ಆದರೆ ಸುಮ್ಮನೆ ಬಿಟ್ಟುಕೊಡುವುದೇಕೆ?

ಟ್ವಿಸ್ಟ್, ಅಂದರೆ ಬ್ಯಾರೆಲ್ ಒಳಗಿನ ಸುರುಳಿ ಗೀರು, ಎಷ್ಟು ಇಂಚಿಗೆ ಒಂದು ಸುತ್ತು, ಎಡಕ್ಕೋ ಬಲಕ್ಕೋ ಎಂಬುದು ಗುಂಡಿನ ಗಿರಕಿಯಿಂದಾಗುವ ಪಕ್ಕದ ಸರಿತದ ಲೆಕ್ಕಕ್ಕೆ ಬೇಕು. ಹೆಚ್ಚಾಗಿ ಬ್ಯಾರೆಲ್ ಮೇಲೆ ಬರೆದಿರುತ್ತದೆ.

ಝೀರೋ 100 ಯಾರ್ಡ್ ಅಥವಾ 100 ಮೀಟರ್‌ನಲ್ಲೇ ಮಾಡಿ, ಯಾವುದು ಎಂದು ಸರಿಯಾಗಿ ತುಂಬಿ. ಹತ್ತಿರ ಮಾಡಿದ ಝೀರೋಗೆ ಹವೆ, ಗಾಳಿಯ ಕಾಟ ಕಡಿಮೆ. 600ಕ್ಕೆ ಮಾಡಿದ ಝೀರೋ ಆ ದಿನದ ಹವೆಗಷ್ಟೇ ನಿಜ. ಮೂರು ಗುಂಡಿನ ಗ್ರೂಪ್ ನಂಬಬೇಡಿ. ಐದೈದರ ಎರಡು ಗ್ರೂಪ್ ಹೊಡೆದು ಹತ್ತೂ ತೂತುಗಳ ನಡುವನ್ನು ಅಳೆಯಿರಿ. ಆ ನಡು ಗುರಿಬಿಂದುವಿಗಿಂತ 4 ಮಿ.ಮೀ. ಮೇಲಿದ್ದರೆ ಅದಕ್ಕೆ ಒಂದು ಕ್ಲಿಕ್ ಹೆಚ್ಚಾಗುತ್ತದೆ, ಅರ್ಧ ಕ್ಲಿಕ್ ತಿರುಗಿಸಲು ಬರುವುದಿಲ್ಲ. ಅದನ್ನು ಆ್ಯಪ್‌ನ ಝೀರೋ ಹೈಟ್ ಅಥವಾ ಆಫ್‌ಸೆಟ್ ಎಂಬಲ್ಲಿ ತುಂಬಿ. 100 ಯಾರ್ಡ್‌ನ 4 ಮಿ.ಮೀ. 1000ದಲ್ಲಿ 4 ಸೆಂ.ಮೀ. ಆಗಿ ಎದುರಾಗುತ್ತದೆ.

ಗುಂಡಿನ ಅಂಕಿ: ಜಿ1, ಜಿ7

ಬಿ.ಸಿ. ಎಂದರೆ ಗುಂಡು ಹವೆಯನ್ನು ಎಷ್ಟು ಚೆನ್ನಾಗಿ ಸೀಳಿಕೊಂಡು ಹೋಗುತ್ತದೆ ಎಂಬ ಅಳತೆ. ಅದು ಒಂಟಿ ಅಂಕಿಯಲ್ಲ, ಒಂದು ಮಾದರಿ ಗುಂಡಿಗೆ ಹೋಲಿಸಿ ಹೇಳಿದ್ದು. ಜಿ1 ಹತ್ತೊಂಬತ್ತನೇ ಶತಮಾನದ, ಚಪ್ಪಟೆ ತಳದ ಮೊಂಡು ಗುಂಡಿನ ಮಾದರಿ. ಜಿ7 ಉದ್ದ ಮೂತಿ, ತಳ ದೋಣಿಯಂತೆ ಕಿರಿದಾದ ಇಂದಿನ ಗುಂಡಿನ ಮಾದರಿ. ಇಂಥ ಗುಂಡಿಗೆ ಜಿ1 ಅಂಕಿ ಕೊಟ್ಟರೆ ವೇಗ ಇಳಿದ ಹಾಗೆ ಆ ಅಂಕಿಯೂ ಇಳಿಯುತ್ತ ಹೋಗುತ್ತದೆ. ತಯಾರಕರು ಬೇರೆ ಬೇರೆ ವೇಗಕ್ಕೆ ಬೇರೆ ಬೇರೆ ಜಿ1 ಬರೆಯುವುದು ಅದಕ್ಕೇ. ಜಿ7 ಬಹುತೇಕ ನಿಂತ ಕಡೆ ನಿಲ್ಲುತ್ತದೆ.

ದೊಡ್ಡ ತಪ್ಪು ಒಂದೇ: ಅಂಕಿ ಜಿ1, ಆಯ್ಕೆ ಜಿ7. ದೋಣಿತಳದ ಗುಂಡಿಗೆ ಜಿ7 ಅಂಕಿ ಜಿ1ರ ಸುಮಾರು ಅರ್ಧದಷ್ಟಿರುತ್ತದೆ. ಪೆಟ್ಟಿಗೆಯ ಮೇಲೆ 0.505 ಎಂದಿದ್ದನ್ನು ಜಿ7 ಎಂದು ತುಂಬಿದರೆ .308 ಗುಂಡು ಫಿರಂಗಿ ಗುಂಡಿನಂತೆ ಹಾರುವ ಲೆಕ್ಕ ಬರುತ್ತದೆ. ಡಾಪ್ಲರ್ ರೇಡಾರ್‌ನಿಂದ ಅಳೆದ ಆ ಗುಂಡಿನದೇ ಡ್ರ್ಯಾಗ್ (ಹವೆಯ ತಡೆ) ಪಟ್ಟಿ ಆ್ಯಪ್‌ನಲ್ಲಿದ್ದರೆ ಬಿ.ಸಿ. ಗೊಡವೆಯೇ ಬೇಡ, ಅದನ್ನೇ ಆರಿಸಿ. 4ಡಿಓಎಫ್ ನಡೆಯುವುದು ಆ ದಾರಿಯಲ್ಲೇ.

ವೇಗ: ಪೆಟ್ಟಿಗೆಯ ಅಂಕಿ ನಿಮ್ಮದಲ್ಲ

ಕಾಡತೂಸಿನ ಪೆಟ್ಟಿಗೆಯ ಮೇಲಿನ ವೇಗ ಕಾರ್ಖಾನೆಯ ಪರೀಕ್ಷಾ ಬ್ಯಾರೆಲ್‌ನದು. ನಿಮ್ಮ ಬ್ಯಾರೆಲ್ ಎರಡಿಂಚು ಗಿಡ್ಡವಿದ್ದರೂ ಅದು ಕೆಲಸಕ್ಕೆ ಬಾರದು. ವೇಗದಲ್ಲಿ 20 ಅಡಿ ತಪ್ಪಿದರೆ 1000 ಯಾರ್ಡ್‌ನಲ್ಲಿ ಗುಂಡು 17-18 ಸೆಂ.ಮೀ. ಮೇಲೆ ಕೆಳಗೆ ಆಗುತ್ತದೆ. ಎಕ್ಸ್ ವೃತ್ತ ಇರುವುದೇ 12.7 ಸೆಂ.ಮೀ.

ಅಳೆಯಲು ಕ್ರೋನೋಗ್ರಾಫ್ ಬೇಕು. ಹಳೆಯ ಬೆಳಕಿನ ಕಿಂಡಿಯ ಉಪಕರಣವಾದರೆ ಅದನ್ನು ಬ್ಯಾರೆಲ್ ಮೂತಿಯಿಂದ 3-5 ಮೀಟರ್ ಮುಂದೆ ಇಡುತ್ತಾರೆ, ಅಷ್ಟು ದೂರದಲ್ಲೇ ಗುಂಡು 6ರಿಂದ 9 ಅಡಿ ವೇಗ ಕಳೆದುಕೊಂಡಿರುತ್ತದೆ. ಆ್ಯಪ್‌ನಲ್ಲಿ ಕ್ರೋನೋಗ್ರಾಫ್ ದೂರ ಎಂಬ ಖಾನೆ ಇರುವುದು ಇದಕ್ಕೇ. ಬ್ಯಾರೆಲ್‌ಗೆ ಕಟ್ಟುವ ಕಾಂತೀಯ ಪಟ್ಟಿ ವೇಗವನ್ನು ಸರಿಯಾಗಿ ಹೇಳುತ್ತದೆ. ಆದರೆ ಬ್ಯಾರೆಲ್ ತುದಿಗೆ ತೂಕ ಬಿದ್ದು ಗ್ರೂಪ್ ಜರುಗುತ್ತದೆ, ಅದನ್ನು ಕಟ್ಟಿಕೊಂಡು ಝೀರೋ ಮಾಡಬೇಡಿ. ಪಕ್ಕದಲ್ಲಿಡುವ ಚಿಕ್ಕ ಡಾಪ್ಲರ್ ರೇಡಾರ್‌ಗಳು ಮೂತಿಯ ವೇಗವನ್ನೇ ಲೆಕ್ಕ ಹಾಕಿ ಕೊಡುತ್ತವೆ. ಅವುಗಳ ಅಂಕಿಗೆ ಮತ್ತೆ ದೂರದ ತಿದ್ದುಪಡಿ ಕೊಟ್ಟರೆ ಎರಡು ಸಲ ತಿದ್ದಿದಂತಾಗುತ್ತದೆ.

ಕಡಿಮೆಯೆಂದರೆ ಹತ್ತು, ಆದರೆ ಇಪ್ಪತ್ತು ಗುಂಡಿನ ಸರಾಸರಿ ತೆಗೆಯಿರಿ. ಹೊಸ ಬ್ಯಾರೆಲ್ ಮೊದಲ ನೂರು ಇನ್ನೂರು ಗುಂಡಿನವರೆಗೆ ವೇಗ ಏರಿಸಿಕೊಳ್ಳಬಹುದು, ಆ ಅವಧಿಯ ಅಂಕಿಯನ್ನು ಶಾಶ್ವತ ಎಂದು ಬರೆದಿಡಬೇಡಿ.

ಅಳೆದ ಹೊತ್ತಿನ ಉಷ್ಣಾಂಶವನ್ನೂ ಜೊತೆಗೇ ಬರೆದುಕೊಳ್ಳಿ. ಬಿಸಿಗೆ ಮದ್ದು ಜೋರಾಗಿ ಉರಿಯುತ್ತದೆ. ಬೆಳಗಿನ 20 ಡಿಗ್ರಿಯಲ್ಲಿ 2600 ಅಡಿ ಇದ್ದದ್ದು ಮಧ್ಯಾಹ್ನದ 33 ಡಿಗ್ರಿಯಲ್ಲಿ 2626 ಬಂದರೆ ಆ ಮದ್ದು ಪ್ರತಿ ಡಿಗ್ರಿಗೆ 2 ಅಡಿ ಏರುತ್ತದೆ ಎಂದಾಯಿತು. ಈ ಎರಡು ಸಾಲನ್ನು ಆ್ಯಪ್‌ನ ಉಷ್ಣಾಂಶ-ವೇಗ ಪಟ್ಟಿಯಲ್ಲಿ ತುಂಬಿ. ಅಲ್ಲಿ ಕೇಳುವುದು ಮದ್ದಿನ ಉಷ್ಣಾಂಶ, ಗಾಳಿಯದ್ದಲ್ಲ. ಬಿಸಿಲಲ್ಲಿ ಕಾದ ಪೆಟ್ಟಿಗೆಯ ಕಾಡತೂಸಿಗೆ ನೆರಳಿನ ಥರ್ಮಾಮೀಟರಿನ ಲೆಕ್ಕ ಹೊಂದುವುದಿಲ್ಲ, ಬಿಸಿ ಚೇಂಬರಿನಲ್ಲಿ ಎರಡು ನಿಮಿಷ ಕೂತ ಕಾಡತೂಸಿಗೂ ಹೊಂದುವುದಿಲ್ಲ. ಪೆಟ್ಟಿಗೆ ನೆರಳಲ್ಲಿರಲಿ, ಹೊಡೆಯುವ ಮುನ್ನವಷ್ಟೇ ಚೇಂಬರಿಗೆ ಹಾಕಿ.

ಒತ್ತಡ: ಅತಿ ಹೆಚ್ಚು ಜನ ಎಡವುವ ಜಾಗ

ಹವಾಮಾನದ ಆ್ಯಪ್ ಬೆಂಗಳೂರಿಗೆ 1013 ಹೆಕ್ಟೊಪಾಸ್ಕಲ್ ಎಂದು ತೋರಿಸುತ್ತದೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ, ಅಲ್ಲಿನ ನಿಜ ಒತ್ತಡ 910ರ ಹತ್ತಿರ. ಹವಾಮಾನದವರು ಸುಳ್ಳು ಹೇಳುತ್ತಿಲ್ಲ. ಬೇರೆ ಬೇರೆ ಊರಿನ ಒತ್ತಡಗಳನ್ನು ಹೋಲಿಸಲೆಂದು ಎಲ್ಲವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಹೇಳುತ್ತಾರೆ. ಗುಂಡಿಗೆ ಬೇಕಾದ್ದು ಅದು ಹಾರುವ ಜಾಗದ ಹವೆ.

ಮೇಲಿನ ಪರೀಕ್ಷಾ ಪ್ರೊಫೈಲನ್ನೇ ಬೆಂಗಳೂರಿನ 25 ಡಿಗ್ರಿ ದಿನಕ್ಕೆ ಹಾಕಿ ನೋಡಿ. ಒತ್ತಡ 910 ಕೊಟ್ಟರೆ 1000 ಯಾರ್ಡ್‌ಗೆ ಸುಮಾರು 10.8 ಮಿಲ್ ಬರುತ್ತದೆ, 1013 ಕೊಟ್ಟರೆ 11.7. ವ್ಯತ್ಯಾಸ 0.9 ಮಿಲ್. ಗುಂಡು 80 ಸೆಂ.ಮೀ.ಗೂ ಹೆಚ್ಚು ಮೇಲೆ ಹೋಗಿ ವೃತ್ತಗಳನ್ನೆಲ್ಲ ದಾಟಿರುತ್ತದೆ. ಮಂಗಳೂರಿನಲ್ಲಿ ಎರಡು ಅಂಕಿಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ತಪ್ಪು ಅಡಗಿಕೊಂಡಿರುತ್ತದೆ, ಘಟ್ಟ ಹತ್ತಿದ ಮೇಲೆ ಹೊರಬೀಳುತ್ತದೆ. ದೂರದ ಪಂದ್ಯಗಳಿಗೂ ಇದೇ ಪಾಡು. 2013ರ ಎಫ್-ಕ್ಲಾಸ್ ವಿಶ್ವ ಚಾಂಪಿಯನ್‌ಷಿಪ್ ನಡೆದ ನ್ಯೂ ಮೆಕ್ಸಿಕೋದ ರಟೋನ್ ಸುಮಾರು 2000 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಒತ್ತಡ 800ರ ಸುತ್ತಮುತ್ತ. ಒಹಾಯೋದ ಕ್ಯಾಂಪ್ ಪೆರಿ ಇರುವುದು ಈರಿ ಸರೋವರದ ದಡದಲ್ಲಿ, ಇನ್ನೂರು ಮೀಟರ್ ಎತ್ತರವೂ ಇಲ್ಲ. ಒಂದೇ ರೈಫಲ್, ಒಂದೇ ಕಾಡತೂಸು ಹಿಡಿದು ಅಲ್ಲಿಂದ ಇಲ್ಲಿಗೆ ಹೋದವರ ಹಳೆಯ ಕಾರ್ಡ್ (ದೂರಕ್ಕೆ ತಕ್ಕ ಅಂಕಿ ಬರೆದ ಚೀಟಿ) ಪೂರ್ತಿ ನಿರುಪಯೋಗಿ.

ಹಾಗಾಗಿ ಎರಡರಲ್ಲಿ ಒಂದು ದಾರಿ ಹಿಡಿಯಿರಿ. ಕೈಯಲ್ಲಿ ಹಿಡಿಯುವ ಹವಾಮಾಪಕದಿಂದಲೋ ಫೋನಿನೊಳಗಿನ ಬ್ಯಾರೋಮೀಟರ್‌ನಿಂದಲೋ ಆ ಜಾಗದ ಒತ್ತಡ ಓದಿ, ಆ್ಯಪ್‌ನಲ್ಲಿ ಸ್ಟೇಷನ್ ಪ್ರೆಷರ್ ಅಥವಾ ಅಬ್ಸೊಲ್ಯೂಟ್ ಎಂಬುದನ್ನು ಆರಿಸಿ ತುಂಬಿ. ಆಗ ಎತ್ತರದ ಖಾನೆಯನ್ನು ಆ್ಯಪ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲವೇ ಹವಾಮಾನದ ಸಮುದ್ರಮಟ್ಟದ ಅಂಕಿ ಮತ್ತು ಎತ್ತರ ಎರಡನ್ನೂ ಕೊಟ್ಟು ಲೆಕ್ಕ ಅದಕ್ಕೇ ಬಿಡಿ. ಎರಡನ್ನೂ ಬೆರೆಸಬೇಡಿ. 910 ತುಂಬಿ, ಮೇಲೆ 920 ಮೀಟರ್ ಎತ್ತರವನ್ನೂ ಕಳೆಯಲು ಬಿಟ್ಟರೆ ಆ್ಯಪ್ ನಿಮ್ಮನ್ನು 1800 ಮೀಟರ್ ಬೆಟ್ಟದ ಮೇಲೆ ಕೂರಿಸಿ ಲೆಕ್ಕ ಹಾಕುತ್ತದೆ, ಗುಂಡು ಅಷ್ಟೇ ಕೆಳಗೆ ಬೀಳುತ್ತದೆ. ಪರೀಕ್ಷೆ ಸುಲಭ: ಎತ್ತರದ ಖಾನೆಯನ್ನು ಸೊನ್ನೆಯಿಂದ 2000ಕ್ಕೆ ಬದಲಿಸಿ ನೋಡಿ. ಉತ್ತರ ಅಲುಗದಿದ್ದರೆ ಆ್ಯಪ್ ಸ್ಟೇಷನ್ ಪ್ರೆಷರ್ ಹಿಡಿದಿದೆ ಎಂದರ್ಥ.

ಉಷ್ಣಾಂಶಕ್ಕೆ ಫೋನನ್ನು ನಂಬಬೇಡಿ, ಅದು ತೋರಿಸುವುದು ಬ್ಯಾಟರಿಯ ಬಿಸಿ. ಮಾಪಕವನ್ನು ನೆರಳಲ್ಲಿ, ಗಾಳಿಯಾಡುವ ಕಡೆ ಎರಡು ಮೂರು ನಿಮಿಷ ಇಟ್ಟು ಓದಿ. 10 ಡಿಗ್ರಿ ತಪ್ಪು ಸಮುದ್ರಮಟ್ಟದಲ್ಲಿ 1000 ಯಾರ್ಡ್‌ಗೆ ಕಾಲು ಮಿಲ್ ಆಸುಪಾಸು ಹೊಡೆತ ಕೊಡುತ್ತದೆ. ತೇವಾಂಶಕ್ಕೆ 50 ಎಂದು ತುಂಬಿ ಮರೆತುಬಿಡಬಹುದು. ತೇವದ ಹವೆ ಒಣ ಹವೆಗಿಂತ ಚೂರು ಹಗುರ, ಅಷ್ಟೇ.

ಸ್ಕೋಪ್ ಹೇಳಿದಷ್ಟು ತಿರುಗುತ್ತದೆಯೇ?

ಆ್ಯಪ್ 11.9 ಮಿಲ್ ಎಂದಿತು, ನೀವು 11.9 ತಿರುಗಿಸಿದಿರಿ. ಒಳಗಿನ ರೇಟಿಕಲ್ (ಗುರಿ ಇಡುವ ಗೆರೆ) ಅಷ್ಟೇ ಸರಿಯಿತೇ? ಬೆಲೆಬಾಳುವ ಸ್ಕೋಪ್‌ಗಳಲ್ಲೂ ಒಂದೆರಡು ಶೇಕಡಾ ವ್ಯತ್ಯಾಸ ಇರಬಹುದು. ಪರೀಕ್ಷೆಗೆ ಎತ್ತರದ ಹಲಗೆ, ತೂಕದ ದಾರ, ಟೇಪ್ ಸಾಕು.

ಗುರಿಯಿಂದ ಸ್ಕೋಪ್‌ಗೆ ಸರಿಯಾಗಿ 100 ಮೀಟರ್ ಟೇಪಿನಲ್ಲೇ ಅಳೆಯಿರಿ. ರೇಂಜಿನ ಬೋರ್ಡ್ ನಂಬಿದರೆ 97 ಇದ್ದದ್ದು 100 ಆಗಿ ಮೂರು ಶೇಕಡಾ ತಪ್ಪು ಅಲ್ಲೇ ಹುಟ್ಟುತ್ತದೆ. ಹಲಗೆಯ ಮೇಲೆ ತೂಕದ ದಾರ ಇಳಿಬಿಟ್ಟು ಅದರ ಗುಂಟ ಒಂದು ಲಂಬ ಗೆರೆ ಎಳೆಯಿರಿ. ಕೆಳಗಿನ ಬಿಂದುವಿಗೆ ಗುರಿಯಿಟ್ಟು ಟರೆಟ್ ಸೊನ್ನೆಯಲ್ಲಿ ಐದು ಗುಂಡು, ಅದೇ ಬಿಂದುವಿಗೆ ಗುರಿಯಿಟ್ಟು 10 ಮಿಲ್ ಏರಿಸಿ ಮತ್ತೈದು. ಎರಡು ಗ್ರೂಪಿನ ನಡುಗಳ ಅಂತರ 100 ಸೆಂ.ಮೀ. ಬರಬೇಕು. 97.5 ಬಂದರೆ ಆ್ಯಪ್‌ನ ಸ್ಕೋಪ್ ಕರೆಕ್ಷನ್ ಖಾನೆಗೆ 0.975 ತುಂಬಿ, ಕೆಲವು ಆ್ಯಪ್‌ಗಳು ಇದನ್ನು ತಿರುವುಮುರುವಾಗಿ 1.026 ಎಂದು ಕೇಳುತ್ತವೆ. ತುಂಬಿದ ಮೇಲೆ ಉತ್ತರ ಏರಬೇಕು, ಇಳಿದರೆ ತಿರುವುಮುರುವಾಗಿದೆ.

ಮೇಲಿನ ಗ್ರೂಪ್ ಗೆರೆಯಿಂದ ಪಕ್ಕಕ್ಕೆ ಸರಿದಿದ್ದರೆ ಸ್ಕೋಪ್ ಓರೆಯಾಗಿ ಕೂತಿದೆ. ಒಂದು ಡಿಗ್ರಿ ಓರೆ 12 ಮಿಲ್ ಏರಿಸಿದಾಗ 0.2 ಮಿಲ್ ಪಕ್ಕಕ್ಕೆ ಒಯ್ಯುತ್ತದೆ, ನಾವು ಅದನ್ನು ಗಾಳಿಯ ತಲೆಗೆ ಕಟ್ಟುತ್ತೇವೆ.

ಗಾಳಿ

ಇಲ್ಲಿ ಆ್ಯಪ್‌ನ ಕೈ ಚಿಕ್ಕದು. ನಿಮ್ಮ ಪಕ್ಕದ ಗಾಳಿ ಅದಕ್ಕೆ ಗೊತ್ತು, 600 ಯಾರ್ಡ್ ಆಚೆಯದು ಗೊತ್ತಿಲ್ಲ. ಆದ್ದರಿಂದ ಪ್ರತಿ ಗುಂಡಿಗೂ ಹೊಸ ಗಾಳಿ ತುಂಬುತ್ತ ಕೂರಬೇಡಿ. ಸೆಕೆಂಡಿಗೆ 1 ಮೀಟರ್ ವೇಗದ ಪೂರ್ತಿ ಅಡ್ಡಗಾಳಿಗೆ ಎಷ್ಟು ಎಂಬುದನ್ನು ಪ್ರತಿ ದೂರಕ್ಕೂ ತೆಗೆದು ಬರೆದುಕೊಳ್ಳಿ, ಮೇಲಿಂದ ಬಾಯಿಲೆಕ್ಕದಲ್ಲಿ ಗುಣಿಸಿ.

ಆ ಅಂಕಿಯನ್ನು ಕೈಯಲ್ಲೇ ತಾಳೆ ನೋಡಬಹುದು. ಗುಂಡು ನಿಜವಾಗಿ ತೆಗೆದುಕೊಂಡ ಹೊತ್ತಿನಿಂದ, ಮೂತಿಯ ವೇಗ ಕಡೆಯವರೆಗೂ ಉಳಿದಿದ್ದರೆ ತಗಲುತ್ತಿದ್ದ ಹೊತ್ತನ್ನು ಕಳೆಯಿರಿ. ನಮ್ಮ ಗುಂಡಿಗೆ 1.79ರಿಂದ 3000 ÷ 2600 = 1.15 ಕಳೆದರೆ 0.64 ಸೆಕೆಂಡ್ ಉಳಿಯಿತು. ಇದನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಸರಿತ: 1 ಮೀಟರ್ ಗಾಳಿಗೆ 64 ಸೆಂ.ಮೀ., ಅಂದರೆ 0.7 ಮಿಲ್. ಹಾರುವ ಹೊತ್ತಿಗೂ ಗಾಳಿಯ ಸರಿತಕ್ಕೂ ನೇರ ಸಂಬಂಧವಿಲ್ಲ, ಕಳೆದುಕೊಂಡ ಹೊತ್ತಿಗೆ ಸಂಬಂಧ. ಹಗುರ ಗುಂಡು ಜೋರಾಗಿ ಹೊರಟರೂ ಗಾಳಿಗೆ ಹೆಚ್ಚು ಸಿಕ್ಕುವುದು ಇದರಿಂದಲೇ.

ಗಾಳಿ ಓರೆಯಾಗಿ ಬಂದರೆ ಗುಂಡಿನ ದಾರಿಗೆ 30 ಡಿಗ್ರಿಗೆ ಅರ್ಧ, 45ಕ್ಕೆ ಮುಕ್ಕಾಲಿಗೆ ಸ್ವಲ್ಪ ಕಡಿಮೆ, 60 ದಾಟಿದರೆ ಹೆಚ್ಚುಕಡಿಮೆ ಪೂರ್ತಿ. ಆ್ಯಪ್ ಕೇಳುವುದು ಗಾಳಿ ಎಲ್ಲಿಂದ ಬರುತ್ತಿದೆ ಎಂದು, ಎಲ್ಲಿಗೆ ಹೋಗುತ್ತಿದೆ ಎಂದಲ್ಲ. ಇದನ್ನು ತಿರುಗಿಸಿ ಹಿಡಿದರೆ ತಪ್ಪು ಎರಡರಷ್ಟು. ಫೋನಿನ ದಿಕ್ಸೂಚಿಯಿಂದ ಗುರಿಯ ದಿಕ್ಕು ಹಿಡಿಯುವಾಗ ರೈಫಲ್, ಕಬ್ಬಿಣದ ಬೆಂಚು, ಆಯಸ್ಕಾಂತದ ಮುಚ್ಚಳದ ಫೋನ್ ಕವರ್‌ನಿಂದ ದೂರ ಸರಿಯಿರಿ.

ಉಳಿದದ್ದು ಕಣ್ಣಿನ ಕೆಲಸ. 1890ರಿಂದ ಇಂಗ್ಲೆಂಡಿನ ಬಿಸ್ಲಿಯಲ್ಲಿ ಪಂದ್ಯಗಳು ನಡೆಯುತ್ತಿವೆ. ಅಲ್ಲಿನ ಸ್ಟಿಕಲ್‌ಡೌನ್ ರೇಂಜಿನ 1200 ಯಾರ್ಡ್ ಉದ್ದಕ್ಕೂ ಬಾವುಟಗಳನ್ನು ನಿಲ್ಲಿಸುವುದು ಸುಮ್ಮನೆ ಅಲ್ಲ. ಬಾವುಟ ಇಲ್ಲದ ಕಡೆ ಸ್ಪಾಟಿಂಗ್ ಸ್ಕೋಪನ್ನು ಗುರಿಗಿಂತ ತುಸು ಈಚೆಗೆ ಫೋಕಸ್ ಮಾಡಿ ಬಿಸಿಲ್ಗುದುರೆ ನೋಡಿ. ಅಲೆಗಳು ನೇರ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲ ಅಥವಾ ದಿಕ್ಕು ಬದಲಾಗಲಿದೆ; ಆಗ ಕಾಯುವುದೇ ಮೇಲು.

.22 ಪ್ರೋನ್ ಹೊಡೆಯುವವರು ಕಂಡೇ ಇರುತ್ತಾರೆ: ಬಲದಿಂದ ಬೀಸಿದರೆ ತೂತು ಬರೀ ಎಡಕ್ಕಲ್ಲ, ಎಡ-ಮೇಲಕ್ಕೆ, ಎಡದಿಂದ ಬೀಸಿದರೆ ಬಲ-ಕೆಳಕ್ಕೆ. ಬಲ ಟ್ವಿಸ್ಟಿನ ಬ್ಯಾರೆಲ್‌ಗೆ ಇದು ಸಹಜ. ಆ್ಯಪ್‌ನಲ್ಲಿ ಏರೋಡೈನಮಿಕ್ ಜಂಪ್ ಎಂಬ ಗುಂಡಿ ಇದ್ದರೆ ಇದಕ್ಕೇ, ಹಾಕಿಡಿ.

ಗಿರಕಿ, ಭೂಮಿಯ ತಿರುಗಾಟ

ಬಲ ಟ್ವಿಸ್ಟಿನ .308 ಗುಂಡು 1000 ಯಾರ್ಡ್‌ನಲ್ಲಿ ಗಿರಕಿಯಿಂದಲೇ 25 ಸೆಂ.ಮೀ. ಆಸುಪಾಸು ಬಲಕ್ಕೆ ಸರಿಯುತ್ತದೆ. ಸ್ಪಿನ್ ಡ್ರಿಫ್ಟ್ ಆನ್ ಇರಲಿ. ಭೂಮಿಯ ತಿರುಗಾಟದ ಬಗ್ಗೆ ಮಾತು ಬಹಳ, ಅಂಕಿ ಸಣ್ಣದು: ಪಕ್ಕಕ್ಕೆ ಬಿಸ್ಲಿಯಲ್ಲಿ ಸುಮಾರು 9 ಸೆಂ.ಮೀ., ಬೆಂಗಳೂರಿನ 13 ಡಿಗ್ರಿ ಅಕ್ಷಾಂಶದಲ್ಲಾದರೆ ಎರಡೂವರೆ. ಸಮಭಾಜಕದ ಹತ್ತಿರ ಬಂದಂತೆ ಪಕ್ಕದ ಸರಿತ ಕುಗ್ಗಿ ಮೇಲು-ಕೆಳಗಿನದು ಹಿಗ್ಗುತ್ತದೆ. ನಮ್ಮ ಅಕ್ಷಾಂಶದಲ್ಲಿ ನೇರ ಪೂರ್ವಕ್ಕೆ ಹೊಡೆದರೆ ಸುಮಾರು 10 ಸೆಂ.ಮೀ. ಮೇಲೆ, ಪಶ್ಚಿಮಕ್ಕೆ ಅಷ್ಟೇ ಕೆಳಗೆ. 600 ಯಾರ್ಡ್ ಒಳಗೆ ಇದನ್ನು ಮರೆತರೂ ನಡೆದೀತು.

ಟ್ರೂಯಿಂಗ್: ಕೊನೆಯ ಗುಂಡಿ

ಇಷ್ಟಾದ ಮೇಲೂ ಆ್ಯಪ್‌ಗೂ ಹಲಗೆಗೂ ತುಸು ವ್ಯತ್ಯಾಸ ಉಳಿಯುತ್ತದೆ. ಹಲಗೆಯ ಮೇಲಿನ ನಿಜವನ್ನು ಕೊಟ್ಟು ಆ್ಯಪ್‌ನ ವೇಗವನ್ನೋ ಬಿ.ಸಿ.ಯನ್ನೋ ತಿದ್ದುವುದಕ್ಕೆ ಟ್ರೂಯಿಂಗ್ ಎನ್ನುತ್ತಾರೆ. ಒಳ್ಳೆಯ ಸಾಧನ, ಮೊದಲೇ ಒತ್ತಿದರೆ ಕೆಟ್ಟ ಸಾಧನ.

ಹೇಗೆಂದರೆ: 800 ಯಾರ್ಡ್‌ಗೆ ಆ್ಯಪ್ 7.9 ಎಂದಿತು, ಎಂಟು ಗುಂಡಿನ ನಡು 15 ಸೆಂ.ಮೀ. ಕೆಳಗೆ ಬಿತ್ತು. ಆ ದೂರಕ್ಕೆ ಅದು 0.2 ಮಿಲ್. ನಿಜ ಉತ್ತರ 8.1 ಎಂದು ತುಂಬಿದರೆ ಆ್ಯಪ್ ವೇಗವನ್ನು 2600ರಿಂದ 2570ಕ್ಕೆ ಇಳಿಸಿ ಕೈತೊಳೆದುಕೊಳ್ಳುತ್ತದೆ. ಆದರೆ ಇಪ್ಪತ್ತು ಗುಂಡಿಗೆ ರೇಡಾರ್ 2600 ಎಂದದ್ದು ಸುಳ್ಳೇ? 30 ಅಡಿ ತಪ್ಪುವ ಉಪಕರಣ ಅದಲ್ಲ. 2.5 ಶೇಕಡಾ ಕಡಿಮೆ ತಿರುಗುವ ಸ್ಕೋಪ್ ಕೂಡ 8 ಮಿಲ್‌ಗೆ ಸರಿಯಾಗಿ 0.2 ನುಂಗುತ್ತದೆ. ಝೀರೋ 0.1 ಕೆಳಗಿದ್ದು ಉಷ್ಣಾಂಶವೂ ತುಸು ತಪ್ಪಿದ್ದರೆ ಮತ್ತೆ ಅದೇ 0.2. ಎಲ್ಲಕ್ಕೂ ಹಲಗೆಯ ಮೇಲೆ ಒಂದೇ ಮುಖ. ಸ್ಕೋಪಿನ ತಪ್ಪಿಗೆ ವೇಗವನ್ನು ಬಲಿಕೊಟ್ಟರೆ ಆ ದೂರ, ಆ ದಿನ ಸರಿಹೋಗುತ್ತದೆ. ಮುಂದಿನ ತಿಂಗಳು ಬೇರೆ ಎತ್ತರದ ರೇಂಜಿನಲ್ಲಿ ಮತ್ತೆ ಹೊಂದದು, ಮತ್ತೆ ಟ್ರೂ ಮಾಡುತ್ತೀರಿ, ಪ್ರೊಫೈಲ್ ತೇಪೆ ಹಾಕಿದ ಕೌದಿ ಆಗುತ್ತದೆ.

ಕ್ರಮ ಹೀಗಿರಲಿ:

1. ಅದೇ ದಿನ ಮೊದಲು 100ರಲ್ಲಿ ಝೀರೋ ಮತ್ತೆ ನೋಡಿ.
2. ಒತ್ತಡ, ಉಷ್ಣಾಂಶ ಅಲ್ಲೇ ಓದಿ ತುಂಬಿ. ಗುರಿಯ ದೂರವನ್ನು ರೇಂಜ್‌ಫೈಂಡರ್‌ನಿಂದ ಖಚಿತ ಮಾಡಿಕೊಳ್ಳಿ.
3. ಸ್ಕೋಪ್ ಪರೀಕ್ಷೆ ಆಗಿರದಿದ್ದರೆ ಇಲ್ಲಿಗೇ ನಿಲ್ಲಿಸಿ.
4. ಗುಂಡು ಶಬ್ದದ ವೇಗದ 1.2 ಪಟ್ಟಿಗೆ ಇಳಿಯುವ ದೂರ ಆರಿಸಿ, ಆ್ಯಪ್‌ನ ಪಟ್ಟಿಯಲ್ಲಿ ಮ್ಯಾಕ್ ಅಂಕಣ ಇರುತ್ತದೆ. ನಮ್ಮ ಗುಂಡಿಗೆ ಸಮುದ್ರಮಟ್ಟದಲ್ಲಿ ಅದು 800 ಯಾರ್ಡ್ ಹತ್ತಿರ. 300ರಲ್ಲಿ ಟ್ರೂ ಮಾಡಿದರೆ ಒಂದು ಕ್ಲಿಕ್‌ನ ತಪ್ಪು 1000ಕ್ಕೆ ಹೋಗುವಷ್ಟರಲ್ಲಿ ಊದಿಕೊಳ್ಳುತ್ತದೆ.
5. ಗಾಳಿ ಕಡಿಮೆ ಇರುವ ಬೆಳಗ್ಗೆ ಎಂಟರಿಂದ ಹತ್ತು ಗುಂಡು ಹೊಡೆದು ನಡುವಿನ ಎತ್ತರ ಅಳೆಯಿರಿ. ಉಕ್ಕಿನ ತಟ್ಟೆಗೆ ಬಿದ್ದ ಸದ್ದು ಅಳತೆಯಲ್ಲ.
6. ಬಂದ ತಿದ್ದುಪಡಿ 10-15 ಅಡಿ ಒಳಗಿದ್ದರೆ ಒಪ್ಪಿಕೊಳ್ಳಿ. ಹೆಚ್ಚಿದ್ದರೆ ಹಿಂದಿನ ಹೆಜ್ಜೆಗಳಲ್ಲಿ ಕಳ್ಳನಿದ್ದಾನೆ.

ಶಬ್ದವೇಗದ ಹತ್ತಿರ ಇಳಿದ ಮೇಲಿನ ದೂರಗಳಿಗೆ ವೇಗವನ್ನು ಮುಟ್ಟಬೇಡಿ. ಅಲ್ಲಿ ತಪ್ಪುವುದು ಡ್ರ್ಯಾಗ್, ಆದ್ದರಿಂದ ಬಿ.ಸಿ. ಅಥವಾ ಡ್ರಾಪ್ ಸ್ಕೇಲ್ ಎಂಬ ಖಾನೆಯಲ್ಲಿ ತಿದ್ದಿ. 2600 ಅಡಿಯ .308 ಸಮುದ್ರಮಟ್ಟದಲ್ಲಿ 1000 ಯಾರ್ಡ್ ಮುಟ್ಟುವಷ್ಟರಲ್ಲಿ ಶಬ್ದಕ್ಕಿಂತ ನಿಧಾನವಾಗಿರುತ್ತದೆ, ಬೆಂಗಳೂರಿನ ತೆಳು ಹವೆಯಲ್ಲಿ ಇನ್ನೂ ಮೇಲಿರುತ್ತದೆ. ಒಂದು ಕಡೆಯ ಗ್ರೂಪ್ ನೋಡಿ ಇನ್ನೊಂದು ಕಡೆಯ ಗುಂಡನ್ನು ಬೈಯುವ ಮುಂಚೆ ಇದನ್ನು ನೆನೆಯಿರಿ.

ಕಾರ್ಡ್

ಪಂದ್ಯದ ದಿನ ಫೋನ್ ಜೇಬಿನಲ್ಲೇ ಇರಬೇಕಾಗಬಹುದು. ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ಪಂದ್ಯಗಳಲ್ಲಿ ಕ್ರೀಡಾಪಟು ಫೈರಿಂಗ್ ಲೈನ್‌ನಲ್ಲಿ ಮೊಬೈಲ್ ಬಳಸುವಂತಿಲ್ಲ, ಬೇರೆ ಸಂಸ್ಥೆಗಳ ನಿಯಮವನ್ನು ಹೆಸರು ಕೊಡುವಾಗಲೇ ಓದಿಕೊಳ್ಳಿ. ಬಿಸಿಲಿಗೆ ಕಾದ ಫೋನ್ ತಾನೇ ಮಂಕಾಗುತ್ತದೆ, ಪೋಲರೈಸ್ಡ್ ಕನ್ನಡಕದಲ್ಲಿ ಕೆಲವು ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತವೆ.

ಹಾಗಾಗಿ ಹಿಂದಿನ ರಾತ್ರಿಯೇ ಪಟ್ಟಿ ತೆಗೆದು ಮುದ್ರಿಸಿ. ಅಂಕಣ ಮೂರೇ ಸಾಕು: ದೂರ, ಎತ್ತರದ ಮಿಲ್, 1 ಮೀಟರ್ ಗಾಳಿಗೆ ಎಷ್ಟು. ಶಕ್ತಿ, ಉಳಿದ ವೇಗ, ಹಾರಾಟದ ಹೊತ್ತು ಎಲ್ಲ ತುರುಕಿದರೆ ಗಡಿಬಿಡಿಯಲ್ಲಿ ಪಕ್ಕದ ಸಾಲಿನ ಅಂಕಿ ಓದುತ್ತೀರಿ. ಬೆಳಗಿನ ಹವೆಗೊಂದು, ಮಧ್ಯಾಹ್ನದ ಹವೆಗೊಂದು ಕಾರ್ಡ್ ಮಾಡಿ, ಮೇಲ್ಗಡೆ ಯಾವ ಒತ್ತಡ, ಯಾವ ಉಷ್ಣಾಂಶಕ್ಕೆ ಎಂದು ದೊಡ್ಡದಾಗಿ ಬರೆಯಿರಿ. ಹೊಡೆದ ಮೇಲೆ ನಿಜವಾಗಿ ಬಿದ್ದ ಅಂಕಿಯನ್ನು ಅದೇ ಕಾರ್ಡಿನ ಪಕ್ಕ ಪೆನ್ಸಿಲ್‌ನಲ್ಲಿ ಬರೆದು ತನ್ನಿ, ಪೆನ್ನಿನ ಶಾಯಿ ಬೆವರಿಗೆ ಹರಡುತ್ತದೆ.